ನಾಲ್ಕು ಬೋಲ್ಟಿನ ಅಡ್ಡತೊಲೆ

ಇಂಜಿನ್ ಬದಲಿಸಿದ ಸ್ಪೋರ್ಟ್ಸ್ ಕಾರು ಎದುರಿಗಿದ್ದರೆ ನೋಡಲು ಬಂದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ನನ್ನ ಕಣ್ಣು ಹೋಗುವುದು ಕಾರಿನ ಅಡಿಗೆ, ಗೇರ್‌ಬಾಕ್ಸಿನ ಹಿಂಭಾಗವನ್ನು ಹೊತ್ತು ನಿಂತ ಅಡ್ಡತೊಲೆಯ ಕಡೆಗೆ. ಗ್ಯಾರೇಜಿನವರು ಕ್ರಾಸ್‌ಮೆಂಬರ್ ಅನ್ನುವ ಆ ಮೊಳ, ಒಂದೂವರೆ ಮೊಳ ಉದ್ದದ ಉಕ್ಕು ಬೋಲ್ಟಿನಲ್ಲಿ ನಿಂತಿದೆಯೋ ವೆಲ್ಡಿಂಗಿನಲ್ಲಿ ನಿಂತಿದೆಯೋ, ಬೋಲ್ಟಿನ ತಲೆಗೆ ಸಾಕೆಟ್ ಎಟಕುತ್ತದೋ ಇಲ್ಲವೋ, ಅದನ್ನು ಇಳಿಸಲು ಹೋದರೆ ಸೈಲೆನ್ಸರ್ ಪೈಪು ಅಡ್ಡ ಬರುತ್ತದೋ ಹೇಗೆ. ಇಷ್ಟು ನೋಡಿಕೊಂಡರೆ ಕೆಲಸ ಮಾಡಿದವರ ಕೈ ಎಂಥದ್ದು ಅಂತ ಗೊತ್ತಾಗಿಬಿಡುತ್ತದೆ. ದೊಡ್ಡ ಇಂಜಿನ್ ದುಡ್ಡು ಕೊಟ್ಟರೆ ಸಿಗುತ್ತದೆ. ಬೇಕೆಂದಾಗ ಬಿಚ್ಚಿ ಕೈಗೆ ಬರುವ, ಓಡುವಾಗ ಮಾತ್ರ ಚಾಸಿಯ ಜೊತೆಗೇ ಹುಟ್ಟಿದಂತೆ ನಡೆದುಕೊಳ್ಳುವ ತೊಲೆ ಕೂತು ಯೋಚಿಸಿದವರಿಗೆ ಮಾತ್ರ ದಕ್ಕುತ್ತದೆ.

ಮಜ್ದಾ ಎಂಎಕ್ಸ್-5 ಕಾರನ್ನೇ ತೆಗೆದುಕೊಳ್ಳಿ. 1989ರ ಫೆಬ್ರುವರಿಯಲ್ಲಿ ಷಿಕಾಗೊ ಆಟೊ ಷೋದಲ್ಲಿ ಮೊದಲು ಕಾಣಿಸಿಕೊಂಡ, ಅಮೆರಿಕದವರು ಮಿಯಾಟಾ ಎಂದು ಕರೆಯುವ ಎರಡು ಸೀಟಿನ ಪುಟ್ಟ ಕಾರು ಅದು. 1.6 ಲೀಟರ್ ಇಂಜಿನ್, 116 ಕುದುರೆಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ. ಅಷ್ಟರಿಂದಲೇ ಜಗತ್ತಿನ ಪ್ರೀತಿ ಗಳಿಸಿದ ಈ ಕಾರಿಗೆ ಷೆವರ್ಲೆ ಕಮಾರೊದ 5.7 ಲೀಟರ್ ವಿ8 ಇಂಜಿನ್ ಕೂರಿಸುವವರು ಅಮೆರಿಕದಲ್ಲಿ ಬಹಳ ಮಂದಿ. ಎಲ್‌ಎಸ್1 ಎಂಬ ಆ ಇಂಜಿನ್ 1997ರ ಕಾರ್ವೆಟ್ ಕಾರಿನೊಂದಿಗೆ ಬಂತು. ಬ್ಲಾಕ್ ಅಲ್ಯೂಮಿನಿಯಮ್ಮಿನದು. ಇರುವ ಒಂದೇ ಕ್ಯಾಮ್‌ಶಾಫ್ಟ್ ಬ್ಲಾಕಿನ ಹೊಟ್ಟೆಯಲ್ಲೇ ತಿರುಗುವುದರಿಂದ ತಲೆಭಾಗ ದಪ್ಪವಾಗಿಲ್ಲ. ಎಂಟು ಸಿಲಿಂಡರ್ ಇದ್ದೂ ಸಣ್ಣ ಬಾನೆಟ್ಟಿನ ಕೆಳಗೆ ಹಿಡಿಸುವ ಗುಟ್ಟು ಇಷ್ಟೇ.

ಇಂಜಿನ್ ಹಿಡಿಸಿತು ಅನ್ನುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಎಂಎಕ್ಸ್-5ನಲ್ಲಿ ಗೇರ್‌ಬಾಕ್ಸಿಗೆ ಅಡ್ಡತೊಲೆಯೇ ಇಲ್ಲ! ಮಜ್ದಾ ಇಂಜಿನಿಯರುಗಳು ಗೇರ್‌ಬಾಕ್ಸಿನ ಹಿಂಭಾಗದಿಂದ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಮ್ಮಿನ ಒಂದು ಉದ್ದನೆಯ ತೊಲೆ ಎಳೆದರು. ಅದರ ಹೆಸರು ಪವರ್ ಪ್ಲಾಂಟ್ ಫ್ರೇಮ್. ಇಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಸೇರಿ ಒಂದೇ ಕಟ್ಟು. ಆಕ್ಸಿಲರೇಟರ್ ಒತ್ತಿದಾಗ ಮೂಗೆತ್ತಲು ನೋಡುವ ಡಿಫರೆನ್ಷಿಯಲ್ಲನ್ನು ಆ ಉದ್ದನೆಯ ತೊಲೆ ಹಿಡಿದಿಡುತ್ತದೆ. ಕಾಲಿಗೂ ಹಿಂದಿನ ಚಕ್ರಕ್ಕೂ ನಡುವೆ ಸಡಿಲವೇ ಇಲ್ಲ ಅನಿಸುವುದಕ್ಕೆ ಇದೊಂದು ಮುಖ್ಯ ಕಾರಣ. ಇಷ್ಟು ಸೊಗಸಾದ ಕಟ್ಟನ್ನು ಕಳಚಿ ಬದಿಗಿಡುವಾಗ ನನಗಂತೂ ಸಂಕಟವಾಗುತ್ತದೆ. ಆದರೆ ಕಮಾರೊದ ಆರು ಗೇರಿನ ಟಿ56 ಗೇರ್‌ಬಾಕ್ಸ್ ಬಂದಮೇಲೆ ಆ ತೊಲೆಗೆ ಹಿಡಿಯಲು ತಾವೇ ಇಲ್ಲ. ಡಿಫರೆನ್ಷಿಯಲ್ ತನ್ನದೇ ಮೌಂಟಿಂಗ್ ಹುಡುಕಿಕೊಳ್ಳಬೇಕು. ಗೇರ್‌ಬಾಕ್ಸಿಗೆ ಹೊಸದಾಗಿ ಅಡ್ಡತೊಲೆ ಹುಟ್ಟಬೇಕು.

ಗೇರ್‌ಬಾಕ್ಸ್ ಕೂರುವ ಟನಲ್ಲಿನ ಎರಡೂ ಬದಿಗೆ ಒಂದೊಂದು ದಪ್ಪ ಪಟ್ಟಿ ಇಟ್ಟು ವೆಲ್ಡ್ ಮಾಡಿದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಹಾಗೆ ಮುಗಿಸಿದ ಕಾರುಗಳೂ ಇವೆ. ಕ್ಲಚ್ ಪ್ಲೇಟ್ ಸವೆದ ದಿನ ಅವುಗಳ ಪಾಡು ಕಾಣುತ್ತದೆ. ಗೇರ್‌ಬಾಕ್ಸ್ ಇಳಿಯಬೇಕಾದರೆ ಮೊದಲು ಗೇಣಿನಷ್ಟು ಹಿಂದೆ ಸರಿದು, ಇನ್‌ಪುಟ್ ಶಾಫ್ಟ್ ಕ್ಲಚ್ಚಿನಿಂದ ಹೊರಬಂದು, ಆಮೇಲೆ ಬಾಲ ತಗ್ಗಿಸಿ ಕೆಳಗೆ ಬರಬೇಕು. ಆ ದಾರಿಯಲ್ಲೇ ತೊಲೆ ಕಾಯಂ ಆಗಿ ನಿಂತಿದ್ದರೆ ಇಂಜಿನ್ನು, ರೇಡಿಯೇಟರು, ವೈರಿಂಗು, ಎಲ್ಲ ಮೇಲಿನಿಂದ ಎತ್ತಬೇಕು. ಒಂದು ಕ್ಲಚ್ ಪ್ಲೇಟಿಗಾಗಿ!

ಒಳಹಾಕುವ ಉತ್ಸಾಹದಲ್ಲಿ ಹೊರತೆಗೆಯುವುದನ್ನು ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ದೊಡ್ಡ ಕಂಪನಿಯ ಕಥೆಯೇ ಇದೆ. 1964ರಲ್ಲಿ ಬ್ರಿಟನ್ನಿನ ರೂಟ್ಸ್ ಗ್ರೂಪ್ ತನ್ನ ಸನ್‌ಬೀಮ್ ಆಲ್ಪೈನ್ ಕಾರಿಗೆ ಫೋರ್ಡಿನ 4.3 ಲೀಟರ್ ವಿ8 ಕೂರಿಸಿ ಟೈಗರ್ ಎಂದು ಹೆಸರಿಟ್ಟಿತು. ಕ್ಯಾಲಿಫೋರ್ನಿಯಾದಲ್ಲಿದ್ದ ರೂಟ್ಸ್ ಅಧಿಕಾರಿ ಇಯಾನ್ ಗ್ಯಾರಡ್ ಇದರ ಹಿಂದಿನ ಹಟಗಾರ. ಮೊದಲ ಮಾದರಿಗಳಿಗೆ ಕೈ ಹಾಕಿದವರು ರೇಸಿಂಗ್ ಜಗತ್ತಿನ ಕ್ಯಾರಲ್ ಶೆಲ್ಬಿ, ಕೆನ್ ಮೈಲ್ಸ್. ಹಳೆಯ ಸ್ಟೀರಿಂಗ್ ಬಾಕ್ಸು ಇಂಜಿನ್ನಿಗೆ ಅಡ್ಡ ಬಂತೆಂದು ಅದನ್ನು ತೆಗೆದು ರ‍್ಯಾಕ್ ಅಂಡ್ ಪಿನಿಯನ್ ಹಾಕಿದರು. ಅಷ್ಟಾದರೂ ಜಾಗ ಸಾಲಲಿಲ್ಲ. ವೆಸ್ಟ್ ಬ್ರಾಮ್‌ವಿಚ್‌ನ ಜೆನ್ಸನ್ ಕಾರ್ಖಾನೆಯಲ್ಲಿ ಬಣ್ಣ ಬಳಿದು ಬಂದ ಬಾಡಿಯಲ್ಲಿ ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಫೈರ್‌ವಾಲ್ ಅನ್ನು ಸುತ್ತಿಗೆಯಲ್ಲಿ ಬಡಿದು ತಗ್ಗಿಸಿ ಇಂಜಿನ್ ತೂರಿಸುತ್ತಿದ್ದರು. ಸ್ಪಾರ್ಕ್ ಪ್ಲಗ್ ಎಟಕಿಸಿಕೊಳ್ಳಲು ಕ್ಯಾಬಿನ್ನಿನ ಒಳಗಿನಿಂದ ಫೈರ್‌ವಾಲಿನಲ್ಲಿ ಒಂದು ಕಿಂಡಿ ಇಡಬೇಕಾಯಿತು. ಮುಂದೆ ರೂಟ್ಸ್ ಕಂಪನಿ ಕ್ರೈಸ್ಲರ್ ಕೈಗೆ ಹೋಯಿತು. ಫೋರ್ಡ್ ಇಂಜಿನ್ನಿನ ಬದಲು ತನ್ನದನ್ನು ಹಾಕೋಣವೆಂದರೆ ಕ್ರೈಸ್ಲರ್ ವಿ8 ಇಂಜಿನ್ನಿನ ಡಿಸ್ಟ್ರಿಬ್ಯೂಟರ್ ಇದ್ದದ್ದು ಹಿಂಭಾಗದಲ್ಲಿ, ಅಂದರೆ ಆ ಫೈರ್‌ವಾಲಿನ ಮಗ್ಗುಲಲ್ಲೇ. ದೊಡ್ಡ ಮಾರ್ಪಾಡಿಲ್ಲದೆ ಅದು ಹಿಡಿಸುವಂತಿರಲಿಲ್ಲ. 1967ರಲ್ಲಿ ಟೈಗರ್ ನಿಂತಿತು. ಕಾರು ಅದ್ಭುತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಇಂಜಿನ್ ಕೋಣೆಯಲ್ಲಿ ರಿಪೇರಿಗೆ ಕೈ ಹಾಕುವವರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಾಗಾಗಿ ಅಡ್ಡತೊಲೆಯ ಮೊದಲ ನಕ್ಷೆ ತೊಲೆಯದಾಗಿರಬಾರದು, ಬಿಚ್ಚುವ ಕ್ರಮದ್ದಾಗಿರಬೇಕು. ಯಾವುದರ ನಂತರ ಯಾವುದು ಹೊರಬರುತ್ತದೆ? ಜಾಕ್ ಎಲ್ಲಿ ನಿಲ್ಲುತ್ತದೆ? ತೊಲೆ ನೇರ ಕೆಳಗಿಳಿಯುತ್ತದೋ, ಓರೆ ಮಾಡಿ ಎಳೆಯಬೇಕೋ? ವಿ8 ಇಂಜಿನ್ನಿನಿಂದ ಎರಡು ಸೈಲೆನ್ಸರ್ ಪೈಪು ಬರುತ್ತವೆ. ಅವು ತೊಲೆಯ ಅಡಿಯಲ್ಲಿ ಹಾದುಹೋದರೆ ಕಾರು ಹಂಪ್ ದಾಟುವಾಗ ನೆಲ ಕೆರೆಯುತ್ತದೆ, ತೊಲೆಯನ್ನು ಬಿಚ್ಚಲೂ ಆಗುವುದಿಲ್ಲ. ಆದ್ದರಿಂದ ಪೈಪುಗಳ ಜಾಗದಲ್ಲಿ ತೊಲೆಯನ್ನು ಕಮಾನಿನಂತೆ ಮೇಲೆತ್ತಬೇಕು, ಪೈಪಿನ ಜಾಯಿಂಟನ್ನು ತೊಲೆಯ ಮುಂದೆಯೇ ತರಬೇಕು. ಆಗ ಪೈಪಿನ ಹಿಂದಿನ ತುಂಡು ಮೊದಲು ಕಳಚುತ್ತದೆ, ತೊಲೆ ಅದರ ಹಿಂದೆಯೇ ಇಳಿಯುತ್ತದೆ. ಇದು ಕಾಗದದ ಮೇಲೆ ತೀರ್ಮಾನವಾದರೆ ಚೆನ್ನ. ಸೈಲೆನ್ಸರ್ ಬೆಸುಗೆಯಾದ ಮೇಲೆ ನೆನಪಾದರೆ ಉಪಯೋಗವಿಲ್ಲ.

ಇನ್ನು ತೊಲೆಯ ಮೇಲೆ ಬೀಳುವ ಭಾರ. ಮೂಲ ಇಂಜಿನ್ನಿನ 136 ನ್ಯೂಟನ್ ಮೀಟರ್ ಟಾರ್ಕ್ ಮೊದಲ ಗೇರಿನಲ್ಲಿ 3.136 ಪಟ್ಟಾಗಿ 430ರ ಹತ್ತಿರ ಬರುತ್ತಿತ್ತು. ಕಮಾರೊದ ಎಲ್‌ಎಸ್1 ಕೊಡುವ ಸುಮಾರು 454 ನ್ಯೂಟನ್ ಮೀಟರಿಗೆ ಟಿ56ನ 2.66ರ ಮೊದಲ ಗೇರು ಸೇರಿದರೆ 1200 ದಾಟುತ್ತದೆ. ಪ್ರೊಪೆಲ್ಲರ್ ಶಾಫ್ಟನ್ನು ಎಷ್ಟು ಬಲದಲ್ಲಿ ತಿರುಗಿಸುತ್ತದೋ ಅಷ್ಟೇ ಬಲದಲ್ಲಿ ಇಂಜಿನ್ನೂ ಗೇರ್‌ಬಾಕ್ಸೂ ಒಟ್ಟಾಗಿ ಎದುರು ದಿಕ್ಕಿಗೆ ಹೊರಳಲು ನೋಡುತ್ತವೆ. ಈ ಹೊರಳನ್ನು ಹೆಚ್ಚಾಗಿ ತಡೆಯುವುದು ಮುಂದಿನ ಎರಡು ಇಂಜಿನ್ ಮೌಂಟಿಂಗ್‌ಗಳು. ಅವುಗಳ ನಡುವೆ ಅರ್ಧ ಮೀಟರ್ ಅಂತರವಿದ್ದರೆ ಒಂದು ಬದಿ 2400 ನ್ಯೂಟನ್ ಮೇಲಕ್ಕೆ, ಇನ್ನೊಂದು ಬದಿ ಅಷ್ಟೇ ಕೆಳಕ್ಕೆ. ನಡುವೆ ಒಂದೇ ರಬ್ಬರಿನ ಮೇಲೆ ಕೂತ ಹಿಂದಿನ ಅಡ್ಡತೊಲೆಗೆ ಬರುವುದು ಮುಖ್ಯವಾಗಿ ತೂಕ, ಗುಂಡಿಯ ಕುಕ್ಕು, ತಿರುವಿನ ಅಡ್ಡದೂಕು, ಬ್ರೇಕ್ ಹಾಕಿದಾಗಿನ ಮುಂದೂಕು.

ಲೆಕ್ಕ ಹಾಕಿ ನೋಡೋಣ. ತೊಲೆಯ ಪಾಲಿಗೆ ನೂರು ಕೆ.ಜಿ., ಗುಂಡಿಯಲ್ಲಿ ಅದರ ಮೂರು ಪಟ್ಟು, ಅಂದರೆ 3000 ನ್ಯೂಟನ್. ಎರಡು ಆಸರೆಗಳ ನಡುವೆ 600 ಮಿಲಿಮೀಟರ್. 50ಕ್ಕೆ 50ರ, 3 ಮಿಲಿಮೀಟರ್ ದಪ್ಪದ ಚೌಕ ಪೈಪು ಇಟ್ಟರೆ ನಟ್ಟನಡುವೆ ಬಾಗುವುದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಕ್ಕಿನೊಳಗಿನ ಒತ್ತಡ 55 ಮೆಗಾಪಾಸ್ಕಲ್ ಒಳಗೆ. ಸಾಮಾನ್ಯ ಮೈಲ್ಡ್ ಸ್ಟೀಲ್ ಇದರ ನಾಲ್ಕು ಪಟ್ಟು ತಡೆಯುತ್ತದೆ. ಅಂದಮೇಲೆ ದುಬಾರಿ ಕ್ರೋಮೋಲಿ ಪೈಪು ತರುವುದರಲ್ಲಿ ಅರ್ಥವಿಲ್ಲ. ಬಲ ಹೆಚ್ಚಿರಬಹುದು, ಆದರೆ ಬಾಗುವ ವಿಷಯದಲ್ಲಿ ಎಲ್ಲ ಉಕ್ಕೂ ಒಂದೇ. ಪೈಪು ಮುಚ್ಚಿದ ಚೌಕವಾಗಿರಬೇಕು ಅನ್ನುವುದೇ ಇಲ್ಲಿ ಮುಖ್ಯ. ಅದೇ ಪೈಪಿನ ಉದ್ದಕ್ಕೂ ಒಂದು ಸೀಳು ಕೊಟ್ಟರೆ ತಿರುಚುವಿಕೆಗೆ ಅದರ ತಡೆ ಸುಮಾರು 180 ಪಟ್ಟು ಕುಸಿಯುತ್ತದೆ! ತೊಲೆಯನ್ನು ಹಗುರ ಮಾಡುತ್ತೇನೆಂದು ಅಡಿಭಾಗ ಕತ್ತರಿಸಿ ತೊಟ್ಟಿಯಂತೆ ಮಾಡಿದ್ದನ್ನು ಕಂಡಾಗಲೆಲ್ಲ ಈ ಸಂಖ್ಯೆ ನೆನಪಾಗುತ್ತದೆ.

ತೊಲೆ ಗಟ್ಟಿಯೇ. ಸೋಲುವುದು ಅದು ಕಾರನ್ನು ಮುಟ್ಟುವ ಜಾಗ. ಎಂಎಕ್ಸ್-5ನ ತಳದಲ್ಲಿರುವುದು ತೆಳ್ಳನೆಯ ತಗಡನ್ನು ಮಡಿಸಿ ಮಾಡಿದ ಉದ್ದಪಟ್ಟಿಗಳು. ತಪ್ಪು ಜಾಗದಲ್ಲಿ ಜಾಕ್ ಕೊಟ್ಟರೆ ಅವು ನಜ್ಜುಗುಜ್ಜಾಗುವುದು ಈ ಕಾರಿನವರಿಗೆಲ್ಲ ಗೊತ್ತು. ಟೊಳ್ಳು ಪಟ್ಟಿಗೆ ತೂತು ಕೊರೆದು ಬೋಲ್ಟ್ ಬಿಗಿದರೆ ಬಿಗಿದಷ್ಟೂ ತಗಡು ಒಳಗೆ ಕುಸಿಯುತ್ತದೆ, ಬಿಗಿತ ಉಳಿಯುವುದೇ ಇಲ್ಲ. ತೂತಿನೊಳಗೆ ದಪ್ಪ ಗೋಡೆಯ ಒಂದು ಉಕ್ಕಿನ ನಳಿಗೆ ಸೇರಿಸಬೇಕು. ಅದರ ಉದ್ದ ಪಟ್ಟಿಯ ಎತ್ತರಕ್ಕೆ ಸರಿಸಮ. ಕ್ಯಾಬಿನ್ನಿನ ಒಳಗೆ, ಕಾರ್ಪೆಟ್ಟಿನ ಕೆಳಗೆ, 4 ಮಿಲಿಮೀಟರ್ ಪ್ಲೇಟು. ಪಟ್ಟಿಯ ಅಡಿಯಲ್ಲಿ ಅಂಥದೇ ಇನ್ನೊಂದು. ಮಲೆನಾಡಿನ ಮನೆಯ ಕಂಬದ ನೆತ್ತಿಯಲ್ಲಿರುವ ಬೋದಿಗೆ ತೊಲೆಯ ಭಾರವನ್ನು ಹರಡಿ ಹೊರುವಂತೆ ಈ ಪ್ಲೇಟು ಬೋಲ್ಟಿನ ಬಲವನ್ನು ಅಂಗೈ ಅಗಲಕ್ಕೆ ಹರಡುತ್ತದೆ. ಪ್ಲೇಟಿನ ಅಂಚು ಪಟ್ಟಿಗೆ ನೇರ ಅಡ್ಡವಾಗಿ ನಿಲ್ಲಬಾರದು. ದಪ್ಪ ಪ್ಲೇಟು ಮುಗಿದು ತೆಳು ತಗಡು ಶುರುವಾಗುವ ಗೆರೆಯಲ್ಲೇ ಬಿರುಕು ಹುಟ್ಟುವುದು. ಅಂಚನ್ನು ಓರೆ ಮಾಡಿ ಮೂಲೆಗಳನ್ನು ದುಂಡಗೆ ಉಜ್ಜಿದರೆ ಆ ಗೆರೆ ಚದುರುತ್ತದೆ.

ಬೋಲ್ಟಿನ ಬಗ್ಗೆ ಬಹಳ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಬೋಲ್ಟು ಒಂದು ಗೂಟದಂತೆ ತೂತಿನಲ್ಲಿ ನಿಂತು ಭಾರ ಹೊರುತ್ತದೆ ಅಂತ. ಅದರ ಕೆಲಸ ಅದಲ್ಲ. ಬೋಲ್ಟು ಎರಡು ಮುಖಗಳನ್ನು ಎಷ್ಟು ಬಲವಾಗಿ ಅದುಮುತ್ತದೆಂದರೆ ಅವು ಒಂದರ ಮೇಲೊಂದು ಜಾರುವಂತಿಲ್ಲ. ಭಾರ ಹೊರುವುದು ಆ ಘರ್ಷಣೆ. ತಲೆಯ ಮೇಲೆ 10.9 ಎಂದು ಒತ್ತಿರುವ 12 ಮಿಲಿಮೀಟರಿನ ಒಂದು ಬೋಲ್ಟನ್ನು ಸರಿಯಾಗಿ ಬಿಗಿದರೆ ಸುಮಾರು 52 ಸಾವಿರ ನ್ಯೂಟನ್ ಬಲದಲ್ಲಿ ಅದುಮುತ್ತದೆ. ಉಕ್ಕಿಗೆ ಉಕ್ಕಿನ ಘರ್ಷಣೆ 0.15 ಎಂದು ಹಿಡಿದರೂ ಒಂದು ಬೋಲ್ಟು 7500 ನ್ಯೂಟನ್ನಿಗೂ ಹೆಚ್ಚು ಅಡ್ಡದೂಕನ್ನು ಜಾರದೆ ತಡೆಯುತ್ತದೆ. ಬದಿಗೆ ಎರಡರಂತೆ ನಾಲ್ಕು ಬೋಲ್ಟು, ಒಟ್ಟು ಮೂವತ್ತು ಸಾವಿರ. ನಮ್ಮ ಗೇರ್‌ಬಾಕ್ಸಿನ 3000 ಅಡ್ಡದಿಕ್ಕಿನಿಂದ ಬಂದರೂ ಅದರ ಹತ್ತು ಪಟ್ಟು. ಬಿಗಿದ ಜಾಯಿಂಟು ಜಾಯಿಂಟೇ ಅಲ್ಲ ಅನ್ನುವಂತೆ ನಡೆದುಕೊಳ್ಳುವುದು ಹೀಗೆ.

ಈ ಬಲವೆಲ್ಲ ನಿಂತಿರುವುದು ಎರಡು ಮುಖಗಳ ಶುದ್ಧಿಯ ಮೇಲೆ. ತೊಲೆಗೆ ಅಂದವಾಗಿ ಪೌಡರ್ ಕೋಟಿಂಗ್ ಮಾಡಿಸಿ ತಂದು ಹಾಗೇ ಬಿಗಿದುಬಿಡುವವರಿದ್ದಾರೆ. ಆ ದಪ್ಪ ಬಣ್ಣ ಒತ್ತಡಕ್ಕೂ ಸೈಲೆನ್ಸರಿನ ಶಾಖಕ್ಕೂ ನಿಧಾನವಾಗಿ ಹಿಂಡಿಕೊಂಡು ಹೋಗುತ್ತದೆ, ಬೋಲ್ಟು ತಿರುಗದೆಯೇ ಬಿಗಿತ ಇಳಿಯುತ್ತದೆ. ಕೋಟಿಂಗಿಗೆ ಕಳಿಸುವ ಮುನ್ನ ಕೂಡುವ ಮುಖಗಳಿಗೆ ಟೇಪು ಸುತ್ತಬೇಕು. ಹಾಗೆಯೇ ತುಕ್ಕು ಹಿಡಿಯದಿರಲೆಂದು ಬೋಲ್ಟಿನ ಥ್ರೆಡ್ಡಿಗೆ ಗ್ರೀಸೋ ಆಂಟಿಸೀಜ್ ಪೇಸ್ಟೋ ಹಚ್ಚಿದರೆ ಟಾರ್ಕ್ ರೆಂಚಿನ ಸಂಖ್ಯೆ ಇಳಿಸಬೇಕು. ನುಣುಪಾದ ಥ್ರೆಡ್ಡಿನಲ್ಲಿ ಅದೇ ಟಾರ್ಕು ಬೋಲ್ಟನ್ನು ಬಹಳ ಹೆಚ್ಚು ಎಳೆಯುತ್ತದೆ.

ನಟ್ಟನ್ನು ಟೊಳ್ಳು ಪಟ್ಟಿಯೊಳಗೆ ಸಣ್ಣ ವೆಲ್ಡ್ ಚುಕ್ಕೆ ಇಟ್ಟು ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಹತ್ತು ವರ್ಷದ ಮೇಲೆ ತುಕ್ಕಿನಿಂದ ಆ ಚುಕ್ಕೆ ಕಿತ್ತರೆ ನಟ್ಟು ಒಳಗೇ ಗಿರಗಿರ ತಿರುಗುತ್ತದೆ, ಹಿಡಿಯಲು ಯಾವ ಸ್ಪ್ಯಾನರೂ ಹೋಗದು. ಆಗ ಬಿಚ್ಚುವ ತೊಲೆ ಹೆಸರಿಗಷ್ಟೇ. ಅದರ ಬದಲು ಬೋಲ್ಟು ಆರಪಾರ ಹೋಗಿ ಎರಡೂ ತುದಿ ಕೈಗೆ ಸಿಗಬೇಕು. ಇಲ್ಲವೇ 25 ಮಿಲಿಮೀಟರಿನ ಉಕ್ಕಿನ ಸರಳನ್ನು ಲೇತಿನಲ್ಲಿ ಕೊರೆಸಿ, ಥ್ರೆಡ್ ಹಾಕಿಸಿ, ಪಟ್ಟಿಯ ಎರಡೂ ಗೋಡೆಗೆ ಸೇರಿಸಿ ವೆಲ್ಡ್ ಮಾಡಬೇಕು. ಬೆಂಗಳೂರಿನ ಯಾವ ಲೇತ್ ಅಂಗಡಿಯಲ್ಲೂ ಮಾಡಿಕೊಡುವ ಕೆಲಸ ಇದು.

ತೂತುಗಳ ಅಳತೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯಾವ ಎರಡು ಬಾಡಿಗಳೂ ತದ್ರೂಪಾಗಿರುವುದಿಲ್ಲ, ಮೂವತ್ತು ವರ್ಷ ಓಡಿದ ಕಾರಂತೂ ಇಲ್ಲವೇ ಇಲ್ಲ. ನಾಲ್ಕೂ ತೂತು ಬಿಗಿಯಾಗಿದ್ದರೆ ತೊಲೆಯನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಕಾಗುತ್ತದೆ, ಆ ಎಳೆತ ಬಾಡಿಯಲ್ಲೇ ಉಳಿಯುತ್ತದೆ. ಒಂದು ಬದಿ 13 ಮಿಲಿಮೀಟರಿನ ದುಂಡು ತೂತು, ಇನ್ನೊಂದು ಬದಿ ಅಡ್ಡಕ್ಕೆ ತುಸು ಉದ್ದನೆಯ ತೂತು ಮತ್ತು ದಪ್ಪ ವಾಷರು. ದುಂಡು ತೂತು ಜಾಗ ತೋರಿಸುತ್ತದೆ, ಉದ್ದ ತೂತು ಕಾರಿನ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಬಿಗಿದಮೇಲೆ ಎರಡೂ ಒಂದೇ.

ಎತ್ತರವನ್ನು ಕಣ್ಣಂದಾಜಿಗೆ ಬಿಡಬಾರದು. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಜಾಯಿಂಟುಗಳ ಕೋನ ಒಂದಕ್ಕೊಂದು ಸಮನಾಗಿರಬೇಕು, ಒಂದರಿಂದ ಮೂರು ಡಿಗ್ರಿಯೊಳಗಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಹೆದ್ದಾರಿಯ ವೇಗದಲ್ಲಿ ಸೀಟಿನಡಿ ನಡುಕ ಶುರುವಾಗುತ್ತದೆ. ಇಂಜಿನ್ ಮೌಂಟಿಂಗಿಗೂ ಹಿಂದಿನ ತೊಲೆಗೂ ಒಂದು ಮೀಟರ್ ದೂರವಿದ್ದರೆ ಒಂದು ಡಿಗ್ರಿಗೆ 17 ಮಿಲಿಮೀಟರ್. ಹಾಗಾಗಿ ತೊಲೆಯನ್ನು ತುಸು ತಗ್ಗಿಸಿಯೇ ಮಾಡಿ ರಬ್ಬರಿನ ಕೆಳಗೆ ಶಿಮ್ ಇಟ್ಟು ಏರಿಸುವುದು ಜಾಣತನ. ಈ ಕಾರಿನ ಡಿಫರೆನ್ಷಿಯಲ್ ಬಾಡಿಯ ಕಡೆಗೇ ನಿಂತಿರುವುದರಿಂದ, ಚಕ್ರ ಎಷ್ಟು ಕುಣಿದರೂ ಈ ಕೋನ ಬದಲಾಗುವುದಿಲ್ಲ. ಒಮ್ಮೆ ಸರಿಮಾಡಿದರೆ ಆಯಿತು. ಮೂರೂ ಮೌಂಟಿಂಗ್ ರಬ್ಬರಿನವೇ ಇರಲಿ. ಮುಂದೆ ಮೆತ್ತಗಿನ ರಬ್ಬರು, ಹಿಂದೆ ಗಟ್ಟಿ ಉಕ್ಕು ಇಟ್ಟರೆ ಇಂಜಿನ್ನಿನ ಹೊರಳೆಲ್ಲ ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕಿವಿಯ ಮೇಲೆ ಬಿದ್ದು ಅದು ಸೀಳುತ್ತದೆ.

ವೆಲ್ಡಿಂಗಿನ ಮಾತು ಚಿಕ್ಕದು. ಕಾರಿನಡಿ ಚುಕ್ಕೆ ಬೆಸುಗೆ ಮಾತ್ರ, ಅದೂ ಬ್ಯಾಟರಿ ಕಳಚಿ. ಪೂರ್ತಿ ವೆಲ್ಡ್ ಮಾಡುವಾಗ ತೊಲೆಯನ್ನು ದಪ್ಪ ಚಪ್ಪಡಿಗೆ ಬೋಲ್ಟ್ ಮಾಡಿ, ಪೂರ್ತಿ ತಣಿದ ಮೇಲೆಯೇ ಬಿಚ್ಚಬೇಕು. ಬಿಸಿಯಲ್ಲಿ ಬಿಚ್ಚಿದರೆ ತುದಿಗಳು ಮೇಲಕ್ಕೆ ಬಾಗುತ್ತವೆ, ಕೂಡುವ ಮುಖ ಸಮತಟ್ಟು ಕಳೆದುಕೊಳ್ಳುತ್ತದೆ.

ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎ ಬಹುಕಾಲ ಬಳಸಿದ ಒಂದು ಅಂಕಪಟ್ಟಿ ನನಗೆ ತುಂಬ ಹಿಡಿಸುತ್ತದೆ. ಮಾರ್ಪಡಿಸಿದ ಕಾರು ತನ್ನ ಹಳೆಯ ನೋಂದಣಿ ಉಳಿಸಿಕೊಳ್ಳಬೇಕಾದರೆ ಎಂಟು ಅಂಕ ಬೇಕಿತ್ತು. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ತಲಾ ಎರಡು. ಇಂಜಿನ್ನಿಗೆ ಬರೀ ಒಂದು. ಕತ್ತರಿಸದ, ಬದಲಿಸದ ಚಾಸಿಗೆ ಐದು! ಕಾರಿನ ಗುರುತು ಎಲ್ಲಿದೆ ಎಂದು ಅಲ್ಲಿನವರು ಸರಿಯಾಗಿಯೇ ತೂಗಿದ್ದರು. ನಮ್ಮಲ್ಲಿ ಕಾನೂನು ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ವಾಹನವನ್ನು ಬೇರೆ ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ರಸ್ತೆಯ ಕಾರಿಗೆ ಇಲ್ಲಿ ಇಂಥ ಇಂಜಿನ್ ಬದಲಾವಣೆಯ ಮಾತಿಲ್ಲ. ಆದರೆ ಬಾಹಾ ಎಸ್ಎಇ ಇಂಡಿಯಾದಂಥ ಸ್ಪರ್ಧೆಗೆ ಗಾಡಿ ಕಟ್ಟುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೇಲಿನ ಲೆಕ್ಕವೆಲ್ಲ ಹಾಗೇ ಹೊಂದುತ್ತದೆ. ಸ್ಪರ್ಧೆಯ ಅಂಗಳದಲ್ಲಿ ಗಡಿಯಾರ ಓಡುತ್ತಿರುವಾಗ ಇಂಜಿನ್ ಇಳಿಸುವುದು ಏನೆಂದು ಅವರಿಗೆ ನಾನು ಹೇಳಬೇಕಾಗಿಲ್ಲ.

ತೊಲೆ ಕೂತು ಕಾರು ಓಡಿದ ಮೇಲೆ ಪರೀಕ್ಷೆ ಸುಲಭ. ಬಿಗಿದ ದಿನವೇ ಬೋಲ್ಟಿನ ತಲೆಯಿಂದ ಪ್ಲೇಟಿನವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ. ಗೆರೆ ನೆಟ್ಟಗಿದ್ದೂ ವಾಷರಿನ ಸುತ್ತ, ಪ್ಲೇಟಿನ ಸಂದಿಯಲ್ಲಿ ಕೆಂಗಂದು ಪುಡಿ ಕಂಡರೆ ಇನ್ನೂ ಎಚ್ಚರ ಬೇಕು. ಅದು ನೀರಿನ ತುಕ್ಕಲ್ಲ, ಎರಡು ಮುಖಗಳು ಕೂದಲೆಳೆಯಷ್ಟು ಜಾರಿ ಜಾರಿ ಒಂದನ್ನೊಂದು ತಿಂದ ಉಕ್ಕಿನ ಹುಡಿ. ಆಗ ದಪ್ಪ ಬೋಲ್ಟು ಹುಡುಕಿಕೊಂಡು ಬೆಂಗಳೂರಿನ ಬಿಡಿಭಾಗದಂಗಡಿಗಳ ಜೆ.ಸಿ. ರಸ್ತೆಗೆ ಹೋಗಬೇಡಿ. ತೊಲೆ ಇಳಿಸಿ, ಮುಖಗಳನ್ನು ಅರದಿಂದ ಉಜ್ಜಿ ಸಮತಟ್ಟು ನೋಡಿ, ನಳಿಗೆ ಪಟ್ಟಿಗಿಂತ ಗಿಡ್ಡವಾಗಿದೆಯೇ ಅಳೆದು, ಹೊಸ ಬೋಲ್ಟು ಹಾಕಿ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ನಾಲ್ಕು ಬೋಲ್ಟು, ಅರ್ಧ ಗಂಟೆಯ ಕೆಲಸ.